ಐದನೆಯ ಸೀಸೆಯ ರುಚಿ

ಇದು ನಡೆದದ್ದು ನಡೆದ ಹಾಗೆಯೇ. ಸುಳ್ಳು ಹೇಳುವುದಿದ್ದರೆ ನಾನು ಸ್ವಲ್ಪ ಮರ್ಯಾದಸ್ಥನಾಗಿ ಕಾಣುವಂಥ ಸುಳ್ಳನ್ನೇ ಆರಿಸಿಕೊಳ್ಳುತ್ತಿದ್ದೆ. ಊಟ ಆಗಿಲ್ಲದವರು ಊಟ ಮುಗಿಸಿ ಬಂದು ಓದಿ. ಈಗಷ್ಟೇ ಊಟ ಮುಗಿಸಿದವರು ಒಂದು ಗಂಟೆ ತಡೆದು ಓದಿ.

ವಿಷಯ ನಮ್ಮ ಮಾವನ ನಾಲಿಗೆ. ಮಾವ ಎಂದರೆ ಹೆಂಡತಿಯ ಅಪ್ಪ. ನಾನು ಮನೆ ಅಳಿಯ; ಅದು ಸಾಲದೆಂದು ಹಡಗಿನ ಅಳಿಯ ಕೂಡ. ಕೊಲ್ಲಿಯ ನೀರನ್ನು ಪರೀಕ್ಷಿಸುವ ಒಂದು ಚಿಕ್ಕ ಸರ್ಕಾರಿ ಹಡಗಿನಲ್ಲಿ ಮಾವ ಮೂವತ್ತೊಂದು ವರ್ಷದಿಂದ ನೀರು ಎತ್ತುತ್ತಿದ್ದರು. ಅವರು ಎತ್ತಿದ ನೀರನ್ನು ಎರಡು ವರ್ಷದಿಂದ ನಾನು ಪರೀಕ್ಷಿಸುತ್ತಿದ್ದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು. ರಸ ಸಿಗಲಿಲ್ಲ, ಆಯಾಸ ಸಿಕ್ಕಿತು. ನೀರಿನ ಮಾದರಿ ಮಾವನ ಕೈಯಲ್ಲಿ, ಮಾದರಿ ಅಳಿಯ ಪ್ರಯೋಗಶಾಲೆಯಲ್ಲಿ ಎಂದು ನಾನೇ ಜೋಕು ಹೊಡೆದು ನಾನೇ ನಗುತ್ತಿದ್ದೆ. ಪ್ರಯೋಗಶಾಲೆ ಎಂದರೆ ಅಡುಗೆಮನೆಗೂ ಶೌಚಾಲಯಕ್ಕೂ ನಡುವಿನ ಒಂದು ಗೂಡು. ಬಲಗಡೆಯಿಂದ ಕರಿದ ಎಣ್ಣೆಯ ವಾಸನೆ, ಎಡಗಡೆಯಿಂದ ಹೇಳಬಾರದ ವಾಸನೆ, ನಡುವೆ ನಾನು ಮತ್ತು ನನ್ನ ಗಾಜಿನ ನಳಿಕೆಗಳು.

ಸಮುದ್ರದಲ್ಲಿ ಐವತ್ತು ಮೀಟರ್ ಕೆಳಗಿರುವ ನೀರನ್ನು, ದಾರಿಯಲ್ಲಿ ಬೇರೆ ನೀರು ಬೆರೆಯದ ಹಾಗೆ ಮೇಲೆ ತರುವುದು ಹೇಗೆ? ಹಳೆಯ ಕಾಲದವರು ಅದಕ್ಕೊಂದು ಉಪಕರಣ ಮಾಡಿಟ್ಟಿದ್ದಾರೆ. ನಮ್ಮ ಹಡಗಿನಲ್ಲಿ ಅದನ್ನು ಮಗುಚು ಸೀಸೆ ಎನ್ನುತ್ತಿದ್ದರು. ಹೆಸರಿಗೆ ಸೀಸೆ, ನಿಜಕ್ಕೆ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ ಹಿತ್ತಾಳೆ ಕೊಳವೆ. ಎರಡೂ ತುದಿಗೆ ಬಾಗಿಲು. ಬಾಗಿಲು ತೆರೆದಿಟ್ಟು ಉಕ್ಕಿನ ತಂತಿಗೆ ಕಚ್ಚಿಸಿ ಇಳಿಸಿದರೆ ನೀರು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟುಹೋಗುತ್ತಿರುತ್ತದೆ. ಬೇಕಾದ ಆಳ ಮುಟ್ಟಿದ ಮೇಲೆ ಒಂದು ಹಿತ್ತಾಳೆ ಗುಂಡನ್ನು ಅದೇ ತಂತಿಯ ಮೇಲೆ ಜಾರಿಬಿಡಬೇಕು. ಅದಕ್ಕೆ ಓಲೆಕಾರ ಎಂದು ಹೆಸರು. ಓಲೆಕಾರ ಕೆಳಗೆ ಹೋಗಿ ಸೀಸೆಯ ನೆತ್ತಿಯ ಕೊಕ್ಕೆಗೆ ಬಡಿದರೆ ಕೊಕ್ಕೆ ಬಿಟ್ಟುಕೊಳ್ಳುತ್ತದೆ, ಸೀಸೆ ತಲೆಕೆಳಗಾಗಿ ಮಗುಚುತ್ತದೆ, ಎರಡೂ ಬಾಗಿಲು ಮುಚ್ಚುತ್ತವೆ. ಪಕ್ಕಕ್ಕೆ ಕಟ್ಟಿದ ಥರ್ಮಾಮೀಟರಿನ ಪಾದರಸವೂ ಮಗುಚಿದ ಕ್ಷಣದ ಲೆಕ್ಕದಲ್ಲೇ ನಿಂತುಬಿಡುತ್ತದೆ. ಮಗುಚಿದ ಸೀಸೆ ತನ್ನ ಬುಡದಲ್ಲಿ ನೇತುಬಿದ್ದ ಇನ್ನೊಬ್ಬ ಓಲೆಕಾರನನ್ನು ಕೆಳಗಿನ ಸೀಸೆಗೆ ಕಳಿಸುತ್ತದೆ. ಹೀಗೆ ಒಂದು ತಂತಿಗೆ ಐದು. ನಮ್ಮ ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಾಗದ ಇಷ್ಟು ನಿಯತ್ತಾಗಿ ಹೋದದ್ದನ್ನು ನಾನು ಕಂಡಿಲ್ಲ.

ಇಂಥ ಚೆಂದದ ಯಂತ್ರದ ಕೊನೆಗೆ ಮಾವನ ನಾಲಿಗೆ.

ಪ್ರತಿ ಸೀಸೆಗೂ ನೀರು ಇಳಿಸಿಕೊಳ್ಳಲು ಕಿರುಬೆರಳಿನ ಗಾತ್ರದ ಒಂದು ನಲ್ಲಿಯಿದೆ. ಸೀಸೆ ಮೇಲೆ ಬಂದ ಕೂಡಲೇ ಮಾವ ಅದನ್ನು ಎಳೆಗೂಸಿನ ಹಾಗೆ ತಬ್ಬಿ, ನಲ್ಲಿಯನ್ನು ಅರ್ಧ ತಿರುಗಿಸಿ, ನಾಲಿಗೆ ಚಾಚಿ ನಲ್ಲಿಯ ಬಾಯಿಗೇ ಇಡುತ್ತಿದ್ದರು. ಆ ನಾಲಿಗೆಯನ್ನು ನಾನು ಎರಡು ವರ್ಷ ಹತ್ತಿರದಿಂದ ನೋಡಿದ್ದೇನೆ. ಅಗಲ, ನಡುವೆ ಸೀಳು, ಅಂಚಿನಲ್ಲಿ ಹೊಗೆಸೊಪ್ಪಿನ ಕಂದು, ಮೇಲೆ ಹಳೆಯ ಬನಿಯನ್ನಿನ ಬಣ್ಣದ ಒಂದು ಪದರ. ಅದು ನಲ್ಲಿಯನ್ನು ಒಂದು ಸುತ್ತು ಬಳಸಿ, ಗುಟುಕು ನೀರನ್ನು ಹೊತ್ತು ಒಳಗೆ ಹೋಗುತ್ತದೆ. ಬಾಯೊಳಗೆ ಪಚಪಚ ಎಂದು ನಾಲ್ಕು ಸದ್ದು. ಆಮೇಲೆ ತೀರ್ಪು: "ನಲವತ್ತು. ತಂಪು. ಮೊಳೆ ನೆಕ್ಕಿದ ಹಾಗಿದೆ. ಸರಿಯಾಗಿ ಮುಚ್ಚಿದೆ." ಮೇಲಿನ ನೀರು ನದಿಯ ನೀರು ಬೆರೆತು ಸಪ್ಪೆ, ಕೆಳಗಿನದು ಉಪ್ಪು, ತಳದ್ದು ಕಬ್ಬಿಣ, ಸೀಸೆ ಎಲ್ಲಿ ಮಗುಚಿತು ಎನ್ನುವುದನ್ನು ನಾಲಿಗೆ ಹೇಳುತ್ತದೆ ಎಂಬುದು ಅವರ ಶಾಸ್ತ್ರ. ಥರ್ಮಾಮೀಟರನ್ನು ಅವರು ನಂಬುತ್ತಿದ್ದರು, ಆದರೆ ದೂರದ ನೆಂಟನನ್ನು ನಂಬುವ ಹಾಗೆ. ತೀರ್ಪು ಕೊಟ್ಟು, ನಲ್ಲಿಯನ್ನು ಅಂಗಿಯ ತುದಿಯಲ್ಲಿ ಒರೆಸಿ ನನ್ನ ಕಡೆ ತಿರುಗಿಸುತ್ತಿದ್ದರು. "ಹಿಡ್ಕೊಳ್ಳಿ ಅಳಿಯಂದಿರೇ." ಆ ನಲ್ಲಿಯಿಂದಲೇ ನಾನು ನೀರು ಹಿಡಿಯಬೇಕು.

ಈ ಕೊಲ್ಲಿಗೆ ಊರಿನ ಚರಂಡಿಗಳೆಲ್ಲ ಸೇರಿ ಒಂದು ದಪ್ಪ ಪೈಪಿನಲ್ಲಿ ಬಂದು ಬೀಳುತ್ತವೆ. ಇಡೀ ಊರು ಬೆಳಿಗ್ಗೆ ಎದ್ದು ಏನೇನು ಮಾಡುತ್ತದೋ ಅದೆಲ್ಲ ಮಧ್ಯಾಹ್ನದೊಳಗೆ ನಮ್ಮ ಹಡಗಿನ ಕೆಳಗೆ. ಒಂದು ಹನಿ ನೀರನ್ನು ಗಾಜಿನ ತಟ್ಟೆಯಲ್ಲಿ ಎರಡು ದಿನ ಬೆಚ್ಚಗಿಟ್ಟು ಮಾವನಿಗೆ ತೋರಿಸಿದೆ. ಹಳದಿ, ಕೆನೆ, ಬೂದು ಬಣ್ಣದ ನೂರಾರು ಚುಕ್ಕೆಗಳು ಬೊಕ್ಕೆಯೆದ್ದ ಹಾಗೆ ಹರಡಿದ್ದವು. ಕೆಲವು ಜಿನುಗುತ್ತಿದ್ದವು.

"ಇದೆಲ್ಲ ನಿಮ್ಮ ಬಾಯಿಗೆ ಹೋಗ್ತಿದೆ ಮಾವ."

ಮಾವ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನಿಮ್ಮತ್ತೆ ಹಿಂಗೇ ಚುಕ್ಕಿ ಇರೋ ಸೀರೆ ಒಂದು ಉಡ್ತಿದ್ರು" ಅಂದರು.

ಅಷ್ಟೇ ಆಗಿದ್ದರೆ ನಾನೂ ಮೂಗು ಮುಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಮನೆಯಲ್ಲಿ ಎಂಟು ತಿಂಗಳ ಮಗಳಿದ್ದಾಳೆ. ಸಂಜೆ ಅವಳಿಗೆ ಹಾಲು ಕುಡಿಸುವುದು ತಾತ. ಪ್ರತಿ ಚಮಚದ ಬಿಸಿ ನೋಡಲು ಮೊದಲು ತಮ್ಮ ನಾಲಿಗೆಯ ತುದಿಗೆ ಮುಟ್ಟಿಸಿ, ಪಚಪಚ ಮಾಡಿ, ಆಮೇಲೆ ಅವಳ ಬಾಯಿಗೆ. ಅದೇ ನಾಲಿಗೆ. ಮಧ್ಯಾಹ್ನ ಕೊಲ್ಲಿಯ ತಳ, ಸಂಜೆ ನನ್ನ ಮಗಳು. ಅವಳು ಹಲ್ಲಿಲ್ಲದ ಬಾಯಿ ತೆರೆದು ಇನ್ನೊಂದು ಚಮಚಕ್ಕೆ ಚಪ್ಪಾಳೆ ತಟ್ಟುವಾಗ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ.

ನಾನು ಹೇಳದೆ ಇರಲಿಲ್ಲ. ಮೂರು ಸಲ ಹೇಳಿದೆ. ಆದರೆ ನನಗೊಂದು ಚಟ. ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ಮೊದಲನೆಯ ಸಲ ಹೇಳಿದ್ದು ಊಟದ ಹೊತ್ತಿನಲ್ಲಿ, ಮಾವನ ದನಿಯಲ್ಲೇ: "ಹಾಲು. ಬೆಚ್ಚಗೆ. ಚರಂಡಿ ನೆಕ್ಕಿದ ಹಾಗಿದೆ. ಸರಿಯಾಗಿ ಮುಚ್ಚಿದೆ." ಹೆಂಡತಿ ನಗುತ್ತಾ ಒಳಗೆ ಹೋದಳು. ಮಾವ ಕಣ್ಣೊರೆಸಿಕೊಂಡು ನಕ್ಕರು. ಎರಡನೆಯ ಸಲ ವೈದ್ಯರ ದನಿ, ಮೂರನೆಯ ಸಲ ಕ್ಯಾಪ್ಟನ್ನರ ದನಿ. ಎರಡಕ್ಕೂ ಚಪ್ಪಾಳೆ ಬಿತ್ತು, ಚಮಚ ಮಾತ್ರ ಇದ್ದಲ್ಲೇ ಇತ್ತು.

"ನೀವೇ ಸರಿಯಾಗಿ ಹೇಳಿ, ನನಗೆ ಅಪ್ಪನ ಹತ್ರ ಹೇಳೋಕೆ ಬಾಯಿ ಬರಲ್ಲ" ಎಂದಳು ಹೆಂಡತಿ.

"ನಿಮ್ಮಪ್ಪನಿಗೆ ಬಾಯಿ ಒಂದೇ ಬರೋದು, ಕಿವಿ ಬರಲ್ಲ" ಎಂದೆ. ಅವತ್ತು ರಾತ್ರಿ ಹಾಸಿಗೆಯಲ್ಲಿ ತೀರ್ಮಾನಿಸಿದೆ. ಆ ನಾಲಿಗೆಗೆ ಒಂದು ಸಲ, ಜನ್ಮದಲ್ಲಿ ಮರೆಯದ ಹಾಗೆ ಹೇಸಿಗೆ ಹುಟ್ಟಿಸಬೇಕು. ಆಮೇಲೆ ಅದು ತಾನಾಗಿ ಬಾಯೊಳಗೇ ಇರುತ್ತದೆ.

ಸಾಮಗ್ರಿ ಹಡಗಿನಲ್ಲೇ ಇತ್ತು. ತಂತಿ ಸುತ್ತುವ ವಿಂಚನ್ನು ನಡೆಸುವವನಿಗೆ ಗಿರಕಿ ಎಂದು ಅಡ್ಡಹೆಸರು. ಬಿಡುವಿದ್ದಾಗ ಗಾಳ ಹಾಕುವುದು ಅವನ ಹವ್ಯಾಸ. ಗಾಳಕ್ಕೆ ಸಿಕ್ಕಿಸಲು ಮೀನಿನ ಕರುಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಬಿಸಿಲಲ್ಲಿ ಮಾಗಿಸುತ್ತಿದ್ದ. ಆವತ್ತಿಗೆ ಅದು ನಾಲ್ಕು ದಿನದ್ದು. ಬೆಳಿಗ್ಗೆ ಎಲ್ಲರೂ ಚಹಾಕ್ಕೆ ಹೋದಾಗ ಮುಚ್ಚಳ ತೆಗೆದೆ. ವಾಸನೆ ಮೂಗಿಗೆ ಬರಲಿಲ್ಲ. ಸೀದಾ ಕಣ್ಣಿಗೆ ಬಂತು. ಕರುಳು ಈಗ ಕರುಳಾಗಿ ಉಳಿದಿರಲಿಲ್ಲ. ಕಂದು ಲೋಳೆ, ನಡುವೆ ಹಸಿರು ನೊರೆ. ಒಂದು ಗುಳ್ಳೆ ನಿಧಾನವಾಗಿ ಎದ್ದು ಒಡೆಯಿತು, ನಿದ್ದೆಯಲ್ಲಿರುವವನು ತುಟಿ ಬಿಟ್ಟ ಹಾಗೆ. ನನ್ನ ಕರುಳು ಅದನ್ನು ಮಾತಾಡಿಸಲು ಗಂಟಲವರೆಗೆ ಬಂದು ಹೋಯಿತು.

ಸೀಸೆಯ ಒಳಗೆ ಸುರಿದರೆ ಉಪಯೋಗವಿಲ್ಲ, ಇಳಿಯುವಾಗ ಹರಿಯುವ ನೀರು ತೊಳೆದುಬಿಡುತ್ತದೆ. ನಲ್ಲಿಯ ಕೊಳವೆ ಹಾಗಲ್ಲ. ಅದು ಮುಚ್ಚಿದ ಗಲ್ಲಿ. ಬೆಂಕಿಕಡ್ಡಿಯ ತುದಿಯಲ್ಲಿ ಲೋಳೆಯನ್ನು ತೆಗೆದು ಐದನೆಯ ಸೀಸೆಯ ನಲ್ಲಿಗೆ ತುರುಕಿದೆ. ನೀರು ತಾಗದಿರಲೆಂದು ಮೇಲೆ ಒಂದು ಬಟಾಣಿಯಷ್ಟು ಗ್ರೀಸ್ ಮೆತ್ತಿದೆ. ಓದಿದ ವಿದ್ಯೆ ಹೀಗೆ ಉಪಯೋಗಕ್ಕೆ ಬಂತು. ಐದನೆಯದನ್ನೇ ಆರಿಸಿದ್ದಕ್ಕೆ ಕಾರಣ, ಅದು ತಳದ್ದು. ಮಾವ ಅದನ್ನು ಸಾವಕಾಶವಾಗಿ, ಎರಡು ಸಲ ನೆಕ್ಕುತ್ತಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಸೀಸೆಯನ್ನು ನೆತ್ತಿಯಲ್ಲಿ ಹಿಡಿದೆತ್ತಿ ಚೌಕಟ್ಟಿಗೆ ನೇತುಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿ, ಆಕಾಶ ನೋಡುತ್ತಾ ನಿಂತೆ.

ಬಂದವರು ಮಾವ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದರು. ಹಡಗಿಗೆ ಅವರು ಬಿಳಿ ಅಂಗಿ ತೊಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಹಿಂದೆ ಕೈಗವಸು ತೊಟ್ಟ ಒಬ್ಬ ಹೆಂಗಸು. ಮೆಟ್ಟಿಲ ಕಂಬಿಯನ್ನು ಕಾಗದದಲ್ಲಿ ಒರೆಸಿ ಆಮೇಲೆ ಹಿಡಿಯುತ್ತಿದ್ದರು. ನೋಡಿದ ಕೂಡಲೇ ಅವರ ಮೇಲೆ ಗೌರವ ಬಂತು. ಕೊನೆಗೂ ನಮ್ಮ ಪಂಗಡದ ಒಬ್ಬರು ಈ ಹಡಗು ಹತ್ತಿದ್ದಾರೆ ಅನ್ನಿಸಿತು.

"ಮುಖ್ಯ ಕಚೇರಿಯ ತಪಾಸಣೆ ಮೇಡಂ" ಎಂದರು ಮಾವ. "ಹೊಸ ಯಂತ್ರ ತಂದಿದ್ದಾರೆ."

ಯಂತ್ರ ಹತ್ತಿ ತುಂಬಿದ ಪೆಟ್ಟಿಗೆಯಲ್ಲಿತ್ತು. ಉಕ್ಕಿನ ಒಂದು ಕಡ್ಡಿ, ಅದಕ್ಕೊಂದು ವೈರು. ಇಳಿಯುತ್ತಾ ಪ್ರತಿ ಅಡಿಯ ಬಿಸಿ, ಉಪ್ಪು ಎರಡನ್ನೂ ಕಾಗದದ ಸುರುಳಿಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಮೇಡಂ ವಿವರಿಸಿದರು. "ಇವತ್ತು ಇದನ್ನೂ ನಿಮ್ಮ ಸೀಸೆಗಳನ್ನೂ ಒಟ್ಟಿಗೆ ಇಳಿಸ್ತೀವಿ. ಐದೂ ಹೊಂದಿದ್ರೆ ಎರಡೂ ಹಡಗಿನಲ್ಲಿರುತ್ತೆ. ಒಂದು ತಪ್ಪಿದ್ರೂ ಸೀಸೆಗಳು ಕಚೇರಿಯ ಗಾಜಿನ ಬೀರುಗೆ."

"ಇವರು?" ಎಂದು ಮಾವನನ್ನು ತೋರಿಸಿದೆ.

"ಇವರು ದಡದ ಉಗ್ರಾಣಕ್ಕೆ. ಅವರಿಗೆ ಹೋದ ವಾರವೇ ಪತ್ರ ಬಂದಿದೆಯಲ್ಲ."

ಮಾವ ನನ್ನ ಕಡೆ ನೋಡಲಿಲ್ಲ. ಒಂದು ವಾರ ಅವರು ಮನೆಯಲ್ಲಿ ಉಂಡಿದ್ದರು, ಮಗುವಿನ ಜೊತೆ ಆಡಿದ್ದರು, ನನ್ನ ಜೋಕಿಗೆ ನಕ್ಕಿದ್ದರು. ಪತ್ರದ ಸುದ್ದಿ ಎತ್ತಿರಲಿಲ್ಲ. ಉಗ್ರಾಣ ಎಂದರೆ ಕಿಟಕಿಯಿಲ್ಲದ ಒಂದು ಕೋಣೆ, ಅಲ್ಲಿ ಹಗ್ಗದ ಸುರುಳಿಗಳನ್ನು ಎಣಿಸುತ್ತಾ ಕೂತಿರಬೇಕು.

"ಮಾವ, ಐದನೆಯದನ್ನ ಒಂದ್ಸಲ ತೊಳೆದು ಕೊಡ್ಲಾ?"

"ಕೈ ಆಚೆ. ಇವತ್ತು ಯಾರೂ ಮುಟ್ಟಬಾರದು." ಆಮೇಲೆ ಮೂಗು ಎಳೆದು, "ಮೊದಲು ಕೈ ತೊಳ್ಕೊಳ್ಳಿ. ನೀವು ಮೀನು ನಾರ್ತಿದ್ದೀರ" ಎಂದರು.

ತಳದ ಸೀಸೆಯನ್ನು ಮೊದಲು ಕಟ್ಟಬೇಕು. ಮಾವ ಐದನೆಯದನ್ನು ತಂತಿಗೆ ಕಚ್ಚಿಸಿದರು, ಗಿರಕಿ ವಿಂಚು ತಿರುಗಿಸಿದ, ಸೀಸೆ ನೀರಿಗಿಳಿಯಿತು. ಹತ್ತು ಮೀಟರ್ ತಂತಿ ಹೋದ ಮೇಲೆ ನಾಲ್ಕನೆಯದು, ಹೀಗೆ ಒಂದೊಂದಾಗಿ. ಪಕ್ಕದಲ್ಲಿ ಮೇಡಂ ಯಂತ್ರ ಇಳಿಯುತ್ತಿತ್ತು. ಇನ್ನೂ ನಾಲ್ಕನೆಯದನ್ನು ಕಟ್ಟುವ ಮುಂಚೆ ಒಂದು ಸಲ ಹಡಗು ಅಲೆಗೆ ಜೋರಾಗಿ ವಾಲಿತ್ತು. ತಂತಿಯ ಮೇಲಿದ್ದ ಮಾವನ ಬೆರಳು ಆಗ ಸ್ವಲ್ಪ ಅದುರಿದ ಹಾಗಾಗಿತ್ತು, ಆದರೆ ಮೇಡಂ ಏನೋ ಪ್ರಶ್ನೆ ಕೇಳುತ್ತಿದ್ದರು.

ಐವತ್ತು ಮೀಟರ್ ಮುಟ್ಟಿದ ಮೇಲೆ ಪಾದರಸ ಹೊಂದಿಕೊಳ್ಳಲು ಎಂಟು ನಿಮಿಷ ಕಾಯಬೇಕು. ಆಮೇಲೆ ಮಾವ ಓಲೆಕಾರನನ್ನು ತಂತಿಗೆ ಹಾಕಿ ಬಿಟ್ಟರು. ಹೆಬ್ಬೆರಳು ತೋರುಬೆರಳಿನ ನಡುವೆ ತಂತಿಯನ್ನು ಹಿಡಿದು, ಕಣ್ಣು ಮುಚ್ಚಿ, ವೈದ್ಯ ನಾಡಿ ನೋಡುವ ಹಾಗೆ ನಿಂತರು. ಕೆಳಗೆ ಒಂದೊಂದು ಸೀಸೆ ಮಗುಚಿದಾಗಲೂ ತಂತಿಯಲ್ಲಿ ಒಂದು ಸಣ್ಣ ಅದುರು ಬರುತ್ತದೆ.

"ಒಂದು. ಎರಡು. ಮೂರು." ಸ್ವಲ್ಪ ತಡೆದು, "ನಾಲ್ಕು."

ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು. "ಐದನೆಯದಕ್ಕೆ ತಟ್ಟಿತು. ಮಗುಚಲಿಲ್ಲ."

"ಅಂದ್ರೆ?"

"ಆಗ್ಲೇ ಮಗುಚಿದೆ. ಇಳಿಯೋವಾಗ."

ಸೀಸೆಗಳು ಮೇಲೆ ಬಂದವು. ಮೇಡಂ ಭೂತಗನ್ನಡಿ ಹಿಡಿದು ಪಾದರಸ ಓದಿದರು. ನಾಲ್ಕು ಸೀಸೆಗಳು ಅವರ ಯಂತ್ರದ ಜೊತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿದವು. ಐದನೆಯದು ತೋರಿಸಿದ್ದು ಇಪ್ಪತ್ತೇಳು ಡಿಗ್ರಿ. ಯಂತ್ರದ ಪ್ರಕಾರ ಐವತ್ತು ಮೀಟರಿನಲ್ಲಿದ್ದದ್ದು ಹತ್ತೊಂಬತ್ತು.

"ಇದನ್ನ ಬರೀಲೇಬೇಕಾಗುತ್ತೆ" ಎಂದರು ಮೇಡಂ. ದನಿಯಲ್ಲಿ ಸಂತೋಷವಿರಲಿಲ್ಲ, ಅದು ನಿಜ.

"ಬರೀರಿ. ಎಲ್ಲಿ ಮಗುಚಿತು ಅಂತ ನೋಡಿ ಹೇಳ್ತೀನಿ, ಅದನ್ನೂ ಬರ್ಕೊಳ್ಳಿ."

"ಹೇಗೆ ನೋಡ್ತೀರ?"

ಮಾವ ಸೀಸೆಯನ್ನು ತಬ್ಬಿದರು. ಮೇಡಂ ಮುಖದಲ್ಲಿ ಅರ್ಥವಾಗುವ ಮುಂಚಿನ ಒಂದು ಖಾಲಿತನವಿತ್ತು. ನಾನು "ಮಾವ" ಅನ್ನಲು ಹೋದೆ, ಆದರೆ ಗಂಟಲಿನಲ್ಲಿ ಯಾರ ದನಿಯೂ ಸಿಗಲಿಲ್ಲ. ನಲ್ಲಿ ತಿರುಗಿತು. ನಾಲಿಗೆ ಹೊರಬಂತು, ನಲ್ಲಿಗೆ ಸುತ್ತಿಕೊಂಡಿತು. ಗ್ರೀಸಿನ ಬಿರಡೆ ಪುಸಕ್ಕೆಂದು ಹಾರಿ, ಅದರ ಹಿಂದೆ ಕಂದು ಲೋಳೆ ನೀರಿನ ಒತ್ತಡಕ್ಕೆ ಸೊಳ್ ಎಂದು ಬಾಯೊಳಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಎಳೆ ಕೆಳತುಟಿಯಿಂದ ನೇತಾಡಿತು. ವಾಸನೆ ದೂರಕ್ಕೂ ಹಬ್ಬಿತು. ವಿಂಚಿನ ಹಿಂದೆ ಗಿರಕಿ ಮುಖ ಸಿಂಡರಿಸಿ ತನ್ನ ಡಬ್ಬಿಯ ಕಡೆ ನೋಡಿದ.

ಮಾವನ ಕಣ್ಣಲ್ಲಿ ನೀರು ತುಂಬಿತು. ಕತ್ತಿನ ನರಗಳು ಹಗ್ಗದ ಹಾಗೆ ಎದ್ದವು. ಒಂದು ಸಲ ಭುಜ ಮೇಲೆ ಹಾರಿ ಕೆಳಗಿಳಿಯಿತು. ಅವರು ಉಗುಳಲಿಲ್ಲ. ತಪಾಸಣೆಯವರ ಮುಂದೆ, ಮೂವತ್ತೊಂದು ವರ್ಷದ ನಾಲಿಗೆ, ತೀರ್ಪು ಕೊಡದೆ ಉಗುಳುವುದು ಹೇಗೆ? ಪಚಪಚ ಎಂದು ನಾಲ್ಕು ಸದ್ದು ಆಯಿತು. ಅಯ್ಯೋ, ಅದು ನಿಜವಾಗಿಯೂ ಆಯಿತು. ನುಂಗಿದರು.

"ಸಪ್ಪೆ" ಎಂದರು ಉಸಿರು ಕಟ್ಟಿಕೊಂಡು. "ಬೆಚ್ಚಗಿದೆ. ಏಳು ಮೀಟರ್. ಎಂಟಕ್ಕಿಂತ ಹೆಚ್ಚಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಮೀನು. ಸತ್ತು ನಾಲ್ಕು ದಿನ."

ಅವರು ಹೆಬ್ಬೆರಳಿನಿಂದ ಸೀಸೆಯ ಕೊಕ್ಕೆಯನ್ನು ಸವರಿದರು. ಬೆರಳು ಹೊಳೆಯಿತು. ಕೊಕ್ಕೆ ಯಾವತ್ತೂ ಒಣಗಿರಬೇಕು, ಜಿಡ್ಡು ಸೋಕಿದರೆ ಒಂದು ವಾಲಿಗೇ ಜಾರಿಬಿಡುತ್ತದೆ ಎನ್ನುವುದು ಅವರು ನನಗೆ ಹೇಳಿಕೊಟ್ಟ ಮೊದಲ ಪಾಠ. ಬೆಳಿಗ್ಗೆ ಗ್ರೀಸಿನ ಕೈಯಲ್ಲಿ ನಾನು ಅದನ್ನೇ ಹಿಡಿದು ಎತ್ತಿದ್ದೆ. ಮಾವ ಬೆರಳನ್ನು ಮೂಸಿದರು. ನನ್ನ ಪ್ಯಾಂಟನ್ನು ನೋಡಿದರು. ಅದರ ಮೇಲೆ ಐದು ಬೆರಳಿನ ಗ್ರೀಸ್ ಗುರುತು ಹಸ್ತಪ್ರತಿಯ ಹಾಗೆ ಮೂಡಿತ್ತು.

"ಕೊಕ್ಕೆಗೆ ಜಿಡ್ಡು ತಾಗಿದೆ ಮೇಡಂ. ಸೀಸೆ ನನ್ನ ಸುಪರ್ದಿನಲ್ಲಿತ್ತು. ನನ್ನ ತಪ್ಪು ಅಂತ ಬರ್ಕೊಳ್ಳಿ" ಎಂದು ತಂತಿಯ ಕಡೆ ತಿರುಗಿ ನಿಂತರು.

ಮೇಡಂ ಪೆನ್ನು ತೆಗೆದರು. ಇಷ್ಟು ಹೊತ್ತು ಲೋಳೆ ನೋಡಿ ಹೇಸಿದ್ದವನಿಗೆ ಈಗ ನನ್ನನ್ನು ಕಂಡೇ ಹೇಸಿಗೆ ಬಂತು. ಅದಕ್ಕೆ ಮೂಗು ಮುಚ್ಚಿಕೊಂಡು ಪ್ರಯೋಜನವಿರಲಿಲ್ಲ.

"ಬರೀಬೇಡಿ. ಅದನ್ನ ಮಾಡಿದ್ದು ನಾನು." ದನಿ ನನಗೇ ಅಪರಿಚಿತವಾಗಿತ್ತು. ತೆಳು, ಸ್ವಲ್ಪ ಕೀರಲು. ಇದು ನನ್ನದೇ ದನಿ ಎಂದು ಗುರುತು ಸಿಗಲು ಒಂದು ಕ್ಷಣ ಬೇಕಾಯಿತು. ಡಬ್ಬಿ, ಬೆಂಕಿಕಡ್ಡಿ, ಗ್ರೀಸು, ಚಮಚ, ಮಗು, ಎಲ್ಲ ಹೇಳಿದೆ. ಎಲ್ಲೂ ತಮಾಷೆ ಸೇರಿಸಲಿಲ್ಲ.

"ನೀವು ಇವರಿಗೆ ಏನಾಗಬೇಕು?"

"ಅಳಿಯ."

ಮೇಡಂ ಪೆನ್ನನ್ನು ಕೆಳಗಿಟ್ಟರು. "ಮಾವನ ಕೆಲಸ ಉಳಿಸೋಕೆ ಅಳಿಯ ತಪ್ಪು ಹೊತ್ಕೊಂಡ ಅಂತ ನನ್ನ ಮೇಲಿನವರು ಕೇಳ್ತಾರೆ. ಪುರಾವೆ ಏನಿದೆ?"

"ಅರ್ಧ ಪುರಾವೆ ಮಾವನ ಹೊಟ್ಟೆಯಲ್ಲಿದೆ. ಅರ್ಧ ನಲ್ಲಿಯಲ್ಲಿದೆ."

ಬೆಂಕಿಕಡ್ಡಿಯಲ್ಲಿ ಕೆದಕಿ ತೋರಿಸಿದೆ. ಮೇಡಂ ಬಗ್ಗಿ ನೋಡಿದರು. "ಕಂದು ಬಣ್ಣ. ಗ್ರೀಸೂ ಕಂದೇ ಇರುತ್ತೆ."

"ಮೂಸಿ ನೋಡಿ."

"ಇಪ್ಪತ್ತು ವರ್ಷ ಆಮ್ಲದ ಹೊಗೆಯಲ್ಲಿ ಕೆಲಸ ಮಾಡಿ ನನ್ನ ಮೂಗು ಸತ್ತಿದೆ."

ಗಿರಕಿಯ ಕಡೆ ನೋಡಿದೆ. "ನನ್ನ ಡಬ್ಬಿ ಮುಚ್ಚೇ ಇದೆಯಪ್ಪ, ನನಗೇನೂ ಗೊತ್ತಿಲ್ಲ" ಎಂದು ಅವನು ವಿಂಚಿನ ಹಲ್ಲುಗಳನ್ನು ಎಣಿಸತೊಡಗಿದ.

ಆಗ ಮಾವ ತಿರುಗಿದರು. ಮುಖ ಇನ್ನೂ ಬೂದು ಬಣ್ಣದಲ್ಲಿತ್ತು. "ಒಂದು ದಾರಿ ಇದೆ ಮೇಡಂ. ಅಳಿಯಂದಿರು ಆ ನಲ್ಲಿಗೆ ಒಂದ್ಸಲ ಬಾಯಿಟ್ಟು ಎಳೀಲಿ. ಗ್ರೀಸಾದ್ರೆ ಸುಮ್ಮನೆ ಉಗುಳ್ತಾರೆ. ಮೀನಾದ್ರೆ ನಿಮಗೇ ಗೊತ್ತಾಗುತ್ತೆ."

ಮೇಡಂ ನನ್ನನ್ನು ನೋಡಿದರು. ಮಾವ ಸೀಸೆಯನ್ನು ನನ್ನ ಮುಖದ ಎತ್ತರಕ್ಕೆ ಎತ್ತಿ ಹಿಡಿದರು, ನಲ್ಲಿಯನ್ನು ಅಂಗಿಯ ತುದಿಯಲ್ಲಿ ಒರೆಸಿ. ಇಸ್ತ್ರಿಯ ಬಿಳಿ ಅಂಗಿಯ ಮೇಲೆ ಕಂದು ಗೆರೆ ಎದ್ದಿತು.

"ಹಿಡ್ಕೊಳ್ಳಿ ಅಳಿಯಂದಿರೇ."

ಬಾಯಿ ಇಟ್ಟೆ. ಮೊದಲು ಹಿತ್ತಾಳೆಯ ತಂಪು. ಆಮೇಲೆ ಮಾವನ ಎಂಜಲು, ಬೆಚ್ಚಗೆ, ಹೊಗೆಸೊಪ್ಪಿನ ಘಾಟಿನ ಜೊತೆ. ಅದೇ ಕೊನೆ ಎಂದುಕೊಂಡಿದ್ದೆ. ಅದರ ಹಿಂದೆ ಉಳಿದರ್ಧ ಬಂತು. ಲೋಳೆ ನಾಲಿಗೆಯ ಮೇಲೆ ಕೂತುಕೊಳ್ಳಲಿಲ್ಲ, ಮಲಗಿಕೊಂಡಿತು. ಕಹಿಯ ಒಳಗೆ ಒಂದು ಸಿಹಿ ಇತ್ತು, ಆ ಸಿಹಿಯೇ ಎಲ್ಲಕ್ಕಿಂತ ಘೋರ. ಹಲ್ಲಿನ ಸಂದಿನಲ್ಲಿ ಮರಳಿನಂಥದ್ದು ಏನೋ ಸಿಕ್ಕಿಕೊಂಡಿತು; ಮರಳಲ್ಲ, ಪೊರೆ. ಮಿಕ್ಕಿದ್ದನ್ನು ನಾನು ಹಡಗಿನ ಅಂಚಿನ ಮೇಲೆ ಜೋತುಬಿದ್ದು ಕೊಲ್ಲಿಗೆ ವಿವರಿಸಿದೆ. ಬೆಳಗಿನ ತಿಂಡಿ, ರಾತ್ರಿಯ ಊಟ, ಕೊನೆಗೆ ಬರೀ ಹಸಿರು ನೀರು. ಇಡೀ ಊರು ಸುರಿಯುವ ಕಡೆ ನನ್ನದೂ ಒಂದು ಪಾಲು ಸೇರಿತು.

"ಸಾಕು" ಎಂದರು ಮೇಡಂ. ಅವರೂ ಕೈಗವಸಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದರು. "ಮಾದರಿ ಐದು, ಕಲುಷಿತ. ಮರುಪರೀಕ್ಷೆ."

ಎಲ್ಲವನ್ನೂ ಸೋಪು ಹಾಕಿ, ಬಿಸಿನೀರು ಹುಯ್ದು, ಕೊಕ್ಕೆಗೆ ಸ್ಪಿರಿಟ್ ತಿಕ್ಕಿ ತೊಳೆದವನು ನಾನು. ಮಾವ ಪಕ್ಕದಲ್ಲಿ ಬಾಯಿ ಮುಕ್ಕಳಿಸುತ್ತಾ ನಿಂತಿದ್ದರು.

"ಚಮಚದ ವಿಷಯ ಬಾಯಿಬಿಟ್ಟು ಹೇಳಬೇಕಿತ್ತು" ಎಂದರು.

"ಮೂರು ಸಲ ಹೇಳಿದ್ದೆ ಮಾವ."

"ಒಂದ್ಸಲ ನಾನು ಹೇಳಿದ ಹಾಗಿತ್ತು, ಒಂದ್ಸಲ ಡಾಕ್ಟರು, ಒಂದ್ಸಲ ಕ್ಯಾಪ್ಟನ್ನು. ನೀವು ಯಾವಾಗ ಹೇಳಿದ್ರಿ?" ನೀರನ್ನು ಉಗುಳಿದರು. "ಇವತ್ತು ಹೇಳಿದ್ರಿ. ಇವತ್ತಿಂದ ಚಮಚ ಬಿಟ್ಟೆ."

ನಾನು ಸೀಸೆ ತಿಕ್ಕುತ್ತಲೇ ಇದ್ದೆ. ಕ್ಷಮೆ ಕೇಳಲು ಬಾಯಿ ತೆರೆದರೆ ಇನ್ನೊಂದು ಸಲ ವಾಕರಿಕೆ ಬರುವ ಹಾಗಿತ್ತು.

ಎರಡನೆಯ ಸಲ ಇಳಿಸಿದೆವು. ಓಲೆಕಾರ ಹೋದ. ಮಾವ ಕಣ್ಣು ಮುಚ್ಚಿದರು. ಒಂದು, ಎರಡು, ಮೂರು, ನಾಲ್ಕು. ಹಡಗಿನಲ್ಲಿ ಯಾರೂ ಉಸಿರಾಡಲಿಲ್ಲ, ಗಿರಕಿಯ ವಿಂಚು ಕೂಡ. "ಐದು" ಎಂದರು ಮಾವ, ಮತ್ತು ತಂತಿಯನ್ನು ಬಿಡದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತರು. ಮೇಲೆ ಬಂದ ಐದು ಸೀಸೆಗಳೂ ಯಂತ್ರದ ಜೊತೆ ಹೊಂದಿದವು. ತಳದ್ದು ಹತ್ತೊಂಬತ್ತು, ದಶಮಾಂಶದ ಸಮೇತ.

ಮೇಡಂ ಸಹಿ ಹಾಕುವ ಮುಂಚೆ ಮೊದಲ ಸಲದ ಕಾಗದದ ಸುರುಳಿಯನ್ನು ಬಿಚ್ಚಿ ಗೆರೆಯ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಇಪ್ಪತ್ತೇಳು ಡಿಗ್ರಿ ಇದ್ದದ್ದು ಏಳೂವರೆ ಮೀಟರಿನಲ್ಲಿ" ಎಂದರು. ಮಾವನನ್ನು ನೋಡಿದರು. "ನೀವು ಏಳು ಅಂದ್ರಿ. ಎಂಟಕ್ಕಿಂತ ಹೆಚ್ಚಿಲ್ಲ ಅಂದ್ರಿ."

"ಹೌದು ಮೇಡಂ."

"ಬಾಯಲ್ಲಿ ಅದು ಇದ್ದಾಗಲೂ?"

"ಅದರ ರುಚಿ ಅದಕ್ಕೆ, ನೀರಿನ ರುಚಿ ನೀರಿಗೆ."

ಮೇಡಂ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿ ಮಾಡಿಕೊಂಡರು. "ನನಗೆ ಇದನ್ನ ನೋಡಿದ್ರೆ ಅಸಹ್ಯ ಆಗುತ್ತೆ. ನಿಜ ಹೇಳ್ತೀನಿ. ಆದ್ರೆ ಸೀಸೆ ದಾರಿಯಲ್ಲಿ ಮಗುಚಿದ್ರೆ ಸುರುಳಿ ಬಿಚ್ಚಿ ಹುಡುಕದೆ ಸ್ಥಳದಲ್ಲೇ ಪತ್ತೆ ಹಚ್ಚೋ ಉಪಾಯ ನನ್ನ ಯಂತ್ರದಲ್ಲೂ ಇಲ್ಲ." ನಮೂನೆಯ ಹಾಳೆಯನ್ನು ಎಳೆದುಕೊಂಡು, ಸ್ಕೇಲು ಇಟ್ಟು, ಕೊನೆಯಲ್ಲಿ ಹೊಸದಾಗಿ ಒಂದು ಕಾಲಂ ಗೆರೆ ಹಾಕಿದರು. ಮೇಲೆ ದುಂಡಗೆ ಬರೆದರು: ರುಚಿ.

ಆ ನಾಲಿಗೆಯನ್ನು ಬಾಯೊಳಗೆ ಕಟ್ಟಿಹಾಕಲು ಹೊರಟವನು ಅದಕ್ಕೆ ಸರ್ಕಾರಿ ಹುದ್ದೆ ಕೊಡಿಸಿದ್ದೆ.

"ಪ್ರತಿ ಸೀಸೆಗೂ ತುಂಬಬೇಕು" ಎಂದರು ಮೇಡಂ. "ಇನ್ನೊಂದು ವಿಷಯ. ನಮ್ಮ ಇಲಾಖೆಯಲ್ಲಿ ಯಾವುದೇ ಅಳತೆಗೆ ಒಬ್ಬರ ಸಹಿ ನಡೆಯಲ್ಲ. ಒಬ್ಬರು ನೋಡಬೇಕು, ಇನ್ನೊಬ್ಬರು ಅದನ್ನೇ ಮತ್ತೆ ನೋಡಿ ದೃಢೀಕರಿಸಬೇಕು." ಕಾಲಮ್ಮಿನ ನಡುವೆ ಇನ್ನೊಂದು ಗೆರೆ ಬಿತ್ತು. ಎಡಗಡೆ ನೀರು ಎತ್ತುವವರು. ಬಲಗಡೆ ಪರೀಕ್ಷಿಸುವವರು. "ಅದು ನೀವು ತಾನೇ?"

"ಮೇಡಂ, ನಾನು... ಅದೇ ನಲ್ಲಿಯಿಂದಲಾ?"

"ಬೇರೆ ನಲ್ಲಿ ಇಲ್ಲವಲ್ಲ."

"ಇವರಾದ ಮೇಲಾ?"

"ಕ್ರಮ ಹಾಗೇ ಇದೆ. ಮೊದಲು ಹಿರಿಯರು."

ಗಿರಕಿ ವಿಂಚಿನ ಹಿಂದೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡ. ಮೇಲಿನ ಕಿಟಕಿಯಿಂದ ಕ್ಯಾಪ್ಟನ್ ತಲೆ ಹೊರಗೆ ಹಾಕಿ, ಏನಾಯಿತೆಂದು ಕೇಳಿ ತಿಳಿದುಕೊಂಡು, ಕಿಟಕಿಯ ಚೌಕಟ್ಟು ಬಡಿಯುತ್ತಾ ನಕ್ಕರು. ಮೇಡಂ ಹಾಳೆಯ ಕಡೆ ಮುಖ ಮಾಡಿದ್ದರು, ಆದರೆ ಅವರ ಭುಜ ಅಲುಗುತ್ತಿತ್ತು. ಮಾವ ಮಾತ್ರ ಮೊದಲು ಗಂಭೀರವಾಗಿ ಪೆನ್ನು ತೆಗೆದುಕೊಂಡು ಎಡಗಡೆ ಸಹಿ ಮಾಡಿದರು, ಪೆನ್ನನ್ನು ನನಗೆ ಚಾಚಿದರು, ನನ್ನ ಮುಖವನ್ನು ನೋಡಿದರು. ಅಲ್ಲಿಗೆ ಅವರ ಕಟ್ಟೆ ಒಡೆಯಿತು. ಕಂದು ಕಲೆಯ ಬಿಳಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ಅಗಲಿಸಿ, ಆ ಸೀಳುನಾಲಿಗೆ ಪೂರ್ತಿ ಕಾಣುವ ಹಾಗೆ, ಕೊಳೆತ ಮೀನಿನ ಉಸಿರು ನೇರ ನನ್ನ ಮುಖಕ್ಕೆ ಬಡಿಯುವ ಹಾಗೆ, ಉಳಿದ ಮೂವರ ನಗುವೂ ಕೇಳಿಸದಷ್ಟು ಜೋರಾಗಿ ನಮ್ಮ ಮಾವ ನಕ್ಕರು.